ಆನ್ ಫ್ರಾಂಕಳ ದಿನಚರಿ: ಆಶೆಯ ನೆಲೆ ಎಲ್ಲಿ?

1947ರಲ್ಲಿ ಡಚ್ ಭಾಷೆಯಲ್ಲಿ ಪ್ರಕಟವಾದ ಆನ್ ಫ್ರಾಂಕಳ ದಿನಚರಿಯನ್ನು ಕುರಿತು ಬರೆಯುವವರು ಬಹುಮಟ್ಟಿಗೆ, ಮಾನವನ ಒಳ್ಳೆಯತನವನ್ನು ಸಾರುವ ಒಂದೇ ವಾಕ್ಯವನ್ನು ಉದ್ಧರಿಸಿ ವಿರಮಿಸುತ್ತಾರೆ. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳೂ ಇದಕ್ಕೆ ಹೊರತಲ್ಲ. 1944ರ ಜುಲೈ 15ರ ಆ ಬರಹದಲ್ಲಿಯೇ ಸಮೀಪಿಸುತ್ತಿರುವ ಗುಡುಗಿನ ಮಾತೂ ಇದೆಯೆಂಬುದನ್ನು ಮರೆತರೆ ಅವಳ ಆಶೆಯನ್ನು ಅಗ್ಗವಾಗಿಸಿದಂತೆ.

ಕೃತಿಯ ಚೆಲುವನ್ನು ನಾವು ಬೇರೆಡೆ ಅರಸಬೇಕು. ಆಮ್‌ಸ್ಟರ್‌ಡ್ಯಾಮಿನ ಅಡಗುದಾಣದಲ್ಲಿ ಎಂಟು ಜನ. ಅಟ್ಟದ ಕಿಟಕಿಯಾಚೆ ಒಂದು ಚೆಸ್ಟ್‌ನಟ್ ಮರ. 1944ರ ಫೆಬ್ರವರಿಯಲ್ಲಿ ಅದರ ಬರಿಯ ಕೊಂಬೆಗಳ ಮೇಲೆ ಹೊಳೆಯುವ ಹನಿಗಳು. ಮೇ 13ರಂದು ಮರದ ತುಂಬ ಹೂವು. ನಡುವೆ, ಮಾರ್ಚಿಯ ಪುಟದಲ್ಲಿ, ಕೆಟ್ಟುಹೋದ ಆಲೂಗಡ್ಡೆಗಳ ಲೆಕ್ಕ! ಎರಡನ್ನೂ ಒಂದೇ ಕಣ್ಣು ಕಂಡಿರುವುದರಿಂದಲೇ ಹೂವಿನ ಮಾತು ನಂಬಿಕೆಗೆ ಅರ್ಹವಾಗುತ್ತದೆ.

ಇತಿಹಾಸದ ಅಭ್ಯಾಸಿಗಳಾದ ನಮಗೆ ಇಲ್ಲೊಂದು ತೊಡಕುಂಟು. ಯುದ್ಧಕಾಲದ ದಿನಚರಿ, ಪತ್ರಗಳನ್ನು ಮುಂದೆ ಸಂಗ್ರಹಿಸಲಾಗುವುದೆಂದು ದೇಶಾಂತರದಲ್ಲಿದ್ದ ಡಚ್ ಸರಕಾರದ ಮಂತ್ರಿ ಬೊಲ್ಕೆಸ್ಟೈನ್ 1944ರ ಮಾರ್ಚಿ 28ರಂದು ಲಂಡನ್ನಿನಿಂದ ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿದ ಆನ್, ಮೇ ತಿಂಗಳಲ್ಲಿ ತನ್ನ ಬರಹವನ್ನು ಬಿಡಿಹಾಳೆಗಳ ಮೇಲೆ ತಿದ್ದಿ ಬರೆಯತೊಡಗಿದಳು. 1943ರ ಬಹುಭಾಗಕ್ಕೆ ಈ ತಿದ್ದಿದ ಪಾಠವೇ ಉಳಿದಿದೆ, ಮೂಲ ದೊರೆತಿಲ್ಲ. ಹಾಗಿರುವಲ್ಲಿ ಇದನ್ನು ಸಾಕ್ಷ್ಯವೆನ್ನುವುದು ಹೇಗೆ? ತಿದ್ದುವ ಶ್ರಮವೇ ಸಾಕ್ಷ್ಯವೆಂಬುದು ನಮ್ಮ ಅಭಿಪ್ರಾಯ. ಯುದ್ಧಾನಂತರದ ಓದುಗರಿಗಾಗಿ ಹಸ್ತಪ್ರತಿಯನ್ನು ಅಣಿಗೊಳಿಸಿದವಳು ಅಂತಹ ಕಾಲವೊಂದು ಬಂದೀತೆಂದು ನಂಬಿದ್ದಳು. ಉದ್ಧೃತ ವಾಕ್ಯಕ್ಕಿಂತ ಈ ನಂಬಿಕೆ ಗಟ್ಟಿಯಾದುದು.

ಆಗಸ್ಟ್ 4ರಂದು ಬಂಧನವಾಯಿತು. ತಿದ್ದುಪಡಿ ಮಾರ್ಚಿ 29ರ ಪುಟದವರೆಗೆ ಮಾತ್ರ ಸಾಗಿತ್ತು. ಮೇ ತಿಂಗಳ ಹೂವಿನ ಸಾಲುಗಳು ಮೊದಲು ಬರೆದಂತೆಯೇ ಉಳಿದಿವೆ.