ದಾತೃ ಮತ್ತು ಪಾತ್ರ

ಔಷಧ ಪರೀಕ್ಷೆಗೆ ದೇಹವನ್ನೊಡ್ಡುವವರು ಒಂದೋ ಅಜ್ಞಾನಿಗಳು, ಇಲ್ಲವೇ ಹಣದಾಸೆಗೆ ಬಿದ್ದವರು ಎಂಬ ಮಾತು ನಮ್ಮಲ್ಲಿ ಸುಲಭವಾಗಿ ಕೇಳಿಬರುತ್ತದೆ. ಇದು ಪೂರ್ಣ ಸತ್ಯವಲ್ಲ.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1620 ಗರ್ಭಿಣಿಯರು ಮಿಸೊಪ್ರೊಸ್ಟಾಲ್ ಮಾತ್ರೆಯ ಪರೀಕ್ಷೆಯಲ್ಲಿ ಪಾಲ್ಗೊಂಡರು. ಹೆರಿಗೆಯ ನಂತರದ ರಕ್ತಸ್ರಾವವನ್ನು ಅದು ತಡೆಯುವುದೇ ಎಂಬುದು ಪ್ರಶ್ನೆ. ಸುಮಾರು ಅರ್ಧದಷ್ಟು ಮಂದಿಗೆ ಔಷಧವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದೆಂದು ತಾಯಿಗೂ ತಿಳಿಯದು, ದಾದಿಗೂ ತಿಳಿಯದು. ಹೆರಿಗೆಯಾದೊಡನೆ ಕೆಳಗೆ ಹಾಸಿದ ಅಳತೆಯ ಪ್ಲಾಸ್ಟಿಕ್ ಹಾಳೆಯಲ್ಲಿ ರಕ್ತವನ್ನು ಹಿಡಿದು ಅಳೆದರು. ಅತಿಯಾದ ಸ್ರಾವವು ಹುಸಿಮಾತ್ರೆ ಪಡೆದವರಲ್ಲಿ ಶೇ. 12, ಔಷಧ ಪಡೆದವರಲ್ಲಿ ಶೇ. 6.4 ಎಂದು 2006ರಲ್ಲಿ ಪ್ರಕಟವಾಯಿತು.

ಸ್ವಂತ ಲಾಭವೊಂದನ್ನೇ ಎಣಿಸುವವರು ಇಂತಹ ಅನಿಶ್ಚಯವನ್ನು ಒಪ್ಪುವುದು ಕಷ್ಟ. ದಾದಿಯ ಮೇಲಿನ ವಿಶ್ವಾಸ, ತನಗೂ ಒಳಿತಾದೀತೆಂಬ ಆಸೆ, ಮುಂದಿನ ತಾಯಂದಿರ ಹಿತಚಿಂತನೆ ಇಂತಹ ಒಪ್ಪಿಗೆಯಲ್ಲಿ ಬೆರೆತಿರುತ್ತವೆ. ಹಾಗೆಂದು ಇದನ್ನು ಔಷಧದಾನವೆಂದು ಹೊಗಳಿ ಸುಮ್ಮನಾಗುವುದೂ ಸಲ್ಲದು. ದಾನದಲ್ಲಿ ದಾತೃವಿನಷ್ಟೇ ಪಾತ್ರನ ಯೋಗ್ಯತೆಯೂ ಮುಖ್ಯ. ಅಪಾಯವನ್ನು ಮರೆಮಾಚದೆ ತಿಳಿಸುವವನು, ಬೇಡವೆಂದಾಗ ಬಿಟ್ಟುಬಿಡುವವನು, ಫಲವನ್ನು ಅದೇ ಹಳ್ಳಿಗೆ ಮರಳಿಸುವವನು ಮಾತ್ರ ಸತ್ಪಾತ್ರ.

ಚಿಕ್ಕೇರೂರಿನಂತಹ ಊರುಗಳಲ್ಲಿ ಆರೋಗ್ಯ ಶಿಬಿರಗಳಿಗೆ ಸ್ಥಳ ಕೊಡುವ ಟ್ರಸ್ಟುಗಳು, ಪರೀಕ್ಷೆಯ ಮಾತು ಬಂದಾಗ ಮೊದಲು ವಿಚಾರಿಸಬೇಕಾದುದು ಈ ಮೂರನ್ನೇ.