ಆಯ್ದವರಿಗೆ ಸಲ್ಲದ ಗ್ರ್ಯಾಮಿ

2015ರಲ್ಲಿ ಗ್ರ್ಯಾಮಿಯ ‘ಕಂಪೈಲೇಶನ್ ಸೌಂಡ್‌ಟ್ರ್ಯಾಕ್’ ಪ್ರಶಸ್ತಿ ‘ಫ್ರೋಜನ್’ ಆಲ್ಬಮ್‌ಗೆ ಬಂತು. ಆ ಚಿತ್ರದ ಹೆಸರಾದ ಹಾಡುಗಳೆಲ್ಲ ಕ್ರಿಸ್ಟನ್ ಆಂಡರ್ಸನ್-ಲೋಪೆಜ್ ಮತ್ತು ರಾಬರ್ಟ್ ಲೋಪೆಜ್ ದಂಪತಿ ಚಿತ್ರಕ್ಕೆಂದೇ ಹೊಸದಾಗಿ ಕಟ್ಟಿದವು. ಅದರೆದುರು ಸೋತವುಗಳಲ್ಲಿ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯ ‘ಆಸಮ್ ಮಿಕ್ಸ್ ವಾಲ್ಯೂಮ್ 1’ ಕೂಡ ಒಂದು. ಅದರಲ್ಲಿರುವ 12 ಹಾಡುಗಳಲ್ಲಿ ಒಂದೂ ಆ ಚಿತ್ರಕ್ಕಾಗಿ ಹುಟ್ಟಿದ್ದಲ್ಲ. ಹಿಂದೆಯೇ ಬಿಡುಗಡೆಯಾಗಿದ್ದ ಹಾಡುಗಳಷ್ಟೇ ಇರುವ ಚಿತ್ರಸಂಗೀತದ ಆಲ್ಬಮ್ಮೊಂದು ಬಿಲ್‌ಬೋರ್ಡ್ 200 ಪಟ್ಟಿಯ ತುದಿಗೇರಿದ್ದು ಅದೇ ಮೊದಲು. ಹೆಕ್ಕಿ ಜೋಡಿಸುವ ಕೆಲಸಕ್ಕೆ ಮೀಸಲೆಂದು ತನ್ನ ಹೆಸರಿನಲ್ಲೇ ಹೇಳಿಕೊಳ್ಳುವ ಪ್ರಶಸ್ತಿ, ಹಾಗೆ ಜೋಡಿಸಿದ್ದನ್ನು ಬಿಟ್ಟು ಹೊಸದಾಗಿ ರಚಿಸಿದ್ದನ್ನು ಆರಿಸಿತು. ‘ಫ್ರೋಜನ್’ ಹಾಡುಗಳ ಕಸುಬಿನ ಬಗ್ಗೆ ನನಗೆ ತಕರಾರಿಲ್ಲ. ಅವು ಈ ಪಂಕ್ತಿಯಲ್ಲಿ ಕೂತಿದ್ದರ ಬಗ್ಗೆ ಇದೆ.

2000ದಲ್ಲಿ ಶುರುವಾದ ಈ ವಿಭಾಗದ ಏರ್ಪಾಡು ಸರಳ. ಆಲ್ಬಮ್‌ನಲ್ಲಿ ಹಿನ್ನೆಲೆ ಸಂಗೀತವೇ ಹೆಚ್ಚಿದ್ದರೆ ಅದು ‘ಸ್ಕೋರ್’ ವಿಭಾಗಕ್ಕೆ, ಹಾಡುಗಳೇ ಹೆಚ್ಚಿದ್ದರೆ ಇಲ್ಲಿಗೆ. ಹಾಡು ಹಳೆಯದೋ ಹೊಸದೋ ಎಂಬುದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಮೊದಲ ಪ್ರಶಸ್ತಿ ಫಿಲ್ ಕಾಲಿನ್ಸ್ ಹೊಸದಾಗಿ ಬರೆದ ‘ಟಾರ್ಜನ್’ಗೆ ಹೋಯಿತು, ಮರುವರ್ಷ ಹಳೆಯ ರಾಕ್ ಹಾಡುಗಳ ‘ಆಲ್ಮೋಸ್ಟ್ ಫೇಮಸ್’ಗೆ. ಕೆಲವು ವರ್ಷ ತಕ್ಕಡಿ ಅತ್ತಿತ್ತ ತೂಗಿತು. 2005ರಲ್ಲಿ ‘ಗಾರ್ಡನ್ ಸ್ಟೇಟ್’ಗಾಗಿ ಜ್ಯಾಕ್ ಬ್ರ್ಯಾಫ್, 2013ರಲ್ಲಿ ‘ಮಿಡ್‌ನೈಟ್ ಇನ್ ಪ್ಯಾರಿಸ್’ಗಾಗಿ ವುಡಿ ಆಲನ್ ಗೆದ್ದಾಗ ಮನ್ನಣೆ ಸಿಕ್ಕಿದ್ದು ಅವರ ಕಿವಿಗೆ, ಅವರ ಆಯ್ಕೆಗೆ. ಆಮೇಲೆ ತಕ್ಕಡಿ ಒಂದೇ ಕಡೆ ವಾಲಿತು. 2018ರಿಂದ ಸಾಲಾಗಿ ಮೂರು ವರ್ಷ ‘ಲಾ ಲಾ ಲ್ಯಾಂಡ್’, ‘ದಿ ಗ್ರೇಟೆಸ್ಟ್ ಶೋಮನ್’, ‘ಎ ಸ್ಟಾರ್ ಈಸ್ ಬಾರ್ನ್’ ಗೆದ್ದವು. 2023ರಲ್ಲಿ ‘ಎನ್‌ಕಾಂಟೊ’, 2024ರಲ್ಲಿ ‘ಬಾರ್ಬಿ’. ಎಲ್ಲವೂ ಹೊಸ ಹಾಡುಗಳಿಂದಲೇ ಗೆದ್ದವು. ನಡುವೆ 2021ರ ‘ಜೋಜೊ ರ‍್ಯಾಬಿಟ್’ನಂಥ ಅಪವಾದಗಳಿವೆ, ಆದರೆ ಅವು ಅಪವಾದಗಳೇ.

ಬೇರೊಬ್ಬರ ಹಾಡನ್ನು ತಂದು ಚಿತ್ರದಲ್ಲಿ ಇಡುವುದನ್ನು ಕಲೆಯೆಂದು ಏಕೆ ಕರೆಯಬೇಕು ಎನ್ನುವವರು ‘ಗಾರ್ಡಿಯನ್ಸ್’ನ ಮೊದಲ ಹತ್ತು ನಿಮಿಷಗಳನ್ನು ಕಿವಿಗೊಟ್ಟು ನೋಡಬೇಕು. 1988. ಆಸ್ಪತ್ರೆಯ ಕಾರಿಡಾರಿನಲ್ಲಿ ಒಬ್ಬ ಹುಡುಗ ಕೂತಿದ್ದಾನೆ. ಅವನ ಹೆಡ್‌ಫೋನಿನಲ್ಲಿ 10ಸಿಸಿ ತಂಡದ ‘ಐಯಾಮ್ ನಾಟ್ ಇನ್ ಲವ್’. ಪ್ರೀತಿಯೇ ಇಲ್ಲವೆಂದು ಮತ್ತೆಮತ್ತೆ ಹೇಳುತ್ತ, ಹಾಗೆ ಹೇಳುವುದರಲ್ಲೇ ಅದನ್ನು ಬಿಟ್ಟುಕೊಡುವ ಹಾಡು ಅದು. ಅಜ್ಜ ಬಂದು ಹೆಡ್‌ಫೋನ್ ಕೀಳುತ್ತಾನೆ, ಹಾಡು ನಿಲ್ಲುತ್ತದೆ. ಒಳಗೆ ತಾಯಿ ಸಾಯುತ್ತಿದ್ದಾಳೆ. ಕೈ ಹಿಡಿದುಕೋ ಎಂದು ಚಾಚಿದ ಅವಳ ಕೈಯನ್ನು ಹುಡುಗ ಹಿಡಿಯುವುದಿಲ್ಲ, ಮುಖ ತಿರುಗಿಸುತ್ತಾನೆ. ಪ್ರೀತಿಯನ್ನು ಒಪ್ಪಿಕೊಳ್ಳಲಾರದ ಆ ಹಾಡಿನ ಸ್ಥಿತಿ ಒಂದೇ ನಿಮಿಷದಲ್ಲಿ ಹುಡುಗನ ಸ್ಥಿತಿಯಾಗುತ್ತದೆ. ಯಾವ ಮಾತೂ ಇದನ್ನು ವಿವರಿಸುವುದಿಲ್ಲ. 1975ರ ಹಾಡು ಆ ಕೆಲಸವನ್ನು ಮೊದಲೇ ಮಾಡಿಟ್ಟಿದೆ.

ನಂತರ 26 ವರ್ಷ ಕಳೆದಿದೆ. ಪಾಳುಬಿದ್ದ ಗ್ರಹ, ಮುಖವಾಡ ತೊಟ್ಟ ಆಗಂತುಕ, ಗಂಭೀರ ವಾದ್ಯವೃಂದ. ಅಂತರಿಕ್ಷದ ಸಾಹಸಚಿತ್ರದಲ್ಲಿ ನಾವು ನಿರೀಕ್ಷಿಸುವುದೆಲ್ಲ ಅಲ್ಲಿದೆ. ಅವನು ಮುಖವಾಡ ಕಳಚಿ, ಅದೇ ಹಳೆಯ ಹೆಡ್‌ಫೋನ್ ಕಿವಿಗಿಟ್ಟು ವಾಕ್‌ಮನ್ ಗುಂಡಿ ಒತ್ತುತ್ತಾನೆ. ರೆಡ್‌ಬೋನ್ ತಂಡದ 1974ರ ‘ಕಮ್ ಅಂಡ್ ಗೆಟ್ ಯುವರ್ ಲವ್’ ಶುರುವಾಗುತ್ತದೆ, ಅವನು ಕುಣಿಯುತ್ತಾನೆ, ಚಿತ್ರದ ಹೆಸರು ತೆರೆ ತುಂಬುತ್ತದೆ. ಬಹಳಷ್ಟು ವಿಮರ್ಶೆಗಳು ಇದನ್ನು ತಮಾಷೆಯ ದೃಶ್ಯವೆಂದು ಕರೆದು ಮುಂದೆ ಹೋದವು. ಮೊದಲ ಹಾಡನ್ನು ನಿಲ್ಲಿಸಿದ್ದು ಹಿರಿಯನೊಬ್ಬನ ಕೈ, ಎರಡನೆಯದನ್ನು ಶುರುಮಾಡಿದ್ದು ಇವನದೇ ಬೆರಳು ಎಂಬುದನ್ನು ಅವು ಗಮನಿಸಲಿಲ್ಲ. ತಾಯಿ ಹಾಡುಗಳನ್ನು ಆರಿಸಿ ತುಂಬಿಕೊಟ್ಟ ಕ್ಯಾಸೆಟ್ ಅದು. ಸಾಯುವಾಗ ಅವಳಿಗೆ ನಿರಾಕರಿಸಿದ್ದನ್ನು ಅವನು ಆ ಕ್ಯಾಸೆಟ್ಟಿನ ಮೂಲಕ ದಿನವೂ ಕೊಡುತ್ತಿದ್ದಾನೆ. ಅವಳ ಕೊನೆಯ ಉಡುಗೊರೆಯ ಪೊಟ್ಟಣವನ್ನು ಬಿಚ್ಚಲು ಅವನಿಗೆ ಧೈರ್ಯ ಬರುವುದು ಚಿತ್ರದ ಕೊನೆಯಲ್ಲಿ. ಅದರೊಳಗಿರುವುದು ಎರಡನೇ ಕ್ಯಾಸೆಟ್.

ಈ ಓದು ನನ್ನ ಕಲ್ಪನೆಯಲ್ಲ ಎಂಬುದಕ್ಕೆ ಸಾಕ್ಷಿ 2019ರ ‘ಅವೆಂಜರ್ಸ್: ಎಂಡ್‌ಗೇಮ್’ನಲ್ಲಿದೆ. ಅಲ್ಲಿ ಇದೇ ಕುಣಿತ ಮತ್ತೆ ಬರುತ್ತದೆ, ಆದರೆ ಹೊರಗೆ ನಿಂತು ನೋಡುವವರ ಕಿವಿಯಿಂದ. ಹಾಡು ಕೇಳಿಸುವುದಿಲ್ಲ. ಒಬ್ಬ ಗಂಡಸು ಕತ್ತಲಲ್ಲಿ ಬೇಸುರದಲ್ಲಿ ಹಾಡಿಕೊಂಡು ಕಾಲು ಕುಪ್ಪಳಿಸುತ್ತಿದ್ದಾನೆ, ಅಷ್ಟೆ. ನೋಡುವವರಿಗೆ ಅವನು ದಡ್ಡನಂತೆ ಕಾಣುತ್ತಾನೆ. ಅದೇ ನಟ, ಅದೇ ಹೆಜ್ಜೆ. ಹಾಡನ್ನು ತೆಗೆದ ಕೂಡಲೇ ಅರ್ಥವೆಲ್ಲ ಸೋರಿಹೋಯಿತು. ದೃಶ್ಯದ ಅರ್ಥವನ್ನು ಇಷ್ಟರಮಟ್ಟಿಗೆ ಹೊತ್ತ ಆಯ್ಕೆ ರಚನೆಯಲ್ಲದೆ ಮತ್ತೇನು? ಹಾಗೆಂದು ‘ಗಾರ್ಡಿಯನ್ಸ್’ನ ಎಲ್ಲ ಆಯ್ಕೆಗಳೂ ಈ ಎತ್ತರದಲ್ಲಿಲ್ಲ. ‘ಚೆರಿ ಬಾಂಬ್’ ಬರುವಲ್ಲಿ ಹಾಡು ಬರೀ ಹುರುಪಿಗೆ ಬಳಕೆಯಾಗಿದೆ.

ಇಲ್ಲಿಯೇ ನಮ್ಮವರೊಂದಿಗೆ ನನ್ನ ಜಗಳ. 2009ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ಗೆ ಎ.ಆರ್. ರೆಹಮಾನ್ ಮೂಲ ಸಂಗೀತದ ಆಸ್ಕರ್ ಪಡೆದರು. ಮರುವರ್ಷ ಅದೇ ಸಂಗೀತದ ಆಲ್ಬಮ್‌ಗೆ ಗ್ರ್ಯಾಮಿ ಸಿಕ್ಕಿದ್ದು ಕಂಪೈಲೇಶನ್ ವಿಭಾಗದಲ್ಲಿ. ಇಷ್ಟು ದೊಡ್ಡ ಸಂಗೀತಗಾರನನ್ನು ‘ಸಂಗ್ರಹಕಾರ’ನನ್ನಾಗಿ ಇಳಿಸಿದರು ಎಂದು ಕೊರಗುವ ರಸಿಕರು ನಮ್ಮಲ್ಲಿ ಇದ್ದಾರೆ. ವಿಭಾಗ ತಪ್ಪು ಎಂಬ ಮಾತನ್ನು ನಾನೂ ಒಪ್ಪುತ್ತೇನೆ: ಅಲ್ಲಿನ 13 ಟ್ರ್ಯಾಕ್‌ಗಳಲ್ಲಿ ಹತ್ತು ರೆಹಮಾನರವು, ಅವುಗಳಲ್ಲಿ ಮೈಸೂರಿನ ವಿಜಯ್ ಪ್ರಕಾಶ್ ದನಿಗೂಡಿಸಿದ ‘ಜೈ ಹೋ’ ಕೂಡ ಒಂದು. ಆದರೆ ‘ಇಳಿಸಿದರು’ ಎನ್ನುವಾಗ ಹೆಕ್ಕುವ ಕೆಲಸವೇ ಕೀಳು ಎಂಬ ತೀರ್ಪು ಸದ್ದಿಲ್ಲದೆ ಒಳಸೇರಿದೆ. ಅದೇ ಚಿತ್ರದಲ್ಲಿ ಅಣ್ಣತಮ್ಮಂದಿರು ರೈಲಿನಲ್ಲಿ ಅಲೆಯುವ ಭಾಗವನ್ನು ನೆನಪಿಸಿಕೊಳ್ಳಿ. ಅಲ್ಲಿ ಕೇಳುವುದು ಎಂ.ಐ.ಎ.ಯ 2007ರ ‘ಪೇಪರ್ ಪ್ಲೇನ್ಸ್’. ಹಣ ಕಸಿಯುವ ವಲಸಿಗನ ದಿಟ್ಟತನವನ್ನು ನಟಿಸಿ ತೋರುವ ಆ ಹಾಡು, ಕದ್ದು ಮಾರಿ ಬದುಕುವ ಆ ಹುಡುಗರನ್ನು ಕನಿಕರದಿಂದ ಬಿಡಿಸುತ್ತದೆ. ಚಿತ್ರದಲ್ಲಿ ನನಗೆ ಅತ್ಯಂತ ಸತ್ಯವೆನಿಸುವ ಸಂಗೀತದ ಕ್ಷಣ ಅದು, ಮತ್ತು ಅದು ಬೇರೆ ಕಡೆಯಿಂದ ತಂದದ್ದು. ಪ್ರಶಸ್ತಿಯನ್ನು ಮೆಚ್ಚಿದವರೂ ಮುನಿದವರೂ ಅದರ ಬಗ್ಗೆ ಮಾತಾಡುವುದನ್ನು ನಾನು ಕೇಳಿಲ್ಲ.

ಈ ತಿರಸ್ಕಾರ ನಮ್ಮದಷ್ಟೇ ಅಲ್ಲ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅಲೆಕ್ಸ್ ನಾರ್ತ್ ಬರೆದುಕೊಟ್ಟ ಸಂಗೀತವನ್ನು ನಿರ್ದೇಶಕ ಕುಬ್ರಿಕ್ ಕೈಬಿಟ್ಟು, ಸ್ಟ್ರಾಸ್‌ದ್ವಯರ, ಲಿಗೆಟಿಯ ಹಿಂದಿನ ಕೃತಿಗಳನ್ನೇ ಉಳಿಸಿಕೊಂಡ. ಚಿತ್ರಸಂಗೀತಕಾರ ಜೆರ‍್ರಿ ಗೋಲ್ಡ್‌ಸ್ಮಿತ್ ಅದನ್ನು ಬಹಿರಂಗವಾಗಿ ಖಂಡಿಸಿದ; 1993ರಲ್ಲಿ ನಾರ್ತ್‌ನ ಸಂಗೀತವನ್ನು ತಾನೇ ನಿರ್ದೇಶಿಸಿ ಧ್ವನಿಮುದ್ರಿಸಿದ. ಗೆಳೆಯನ ಪರವಾದ ಆ ನಿಷ್ಠೆಗೆ ಗೌರವ ಸಲ್ಲಬೇಕು. ನಾರ್ತ್‌ಗೆ ಆದದ್ದು ಅನ್ಯಾಯವೇ. ಆದರೆ ಅಂತರಿಕ್ಷನೌಕೆ ವಿಯೆನ್ನಾದ ವಾಲ್ಟ್ಸ್‌ಗೆ ತಿರುಗುವುದನ್ನು ಒಮ್ಮೆ ನೋಡಿದ ಮೇಲೆ, ಆ ಆಯ್ಕೆ ತಪ್ಪೆಂಬ ವಾದ ನನ್ನ ಮಟ್ಟಿಗೆ ನಿಲ್ಲುವುದಿಲ್ಲ. ಅನ್ಯಾಯವಾಗಿಯೂ ಆಯ್ಕೆ ಸರಿಯಾಗಿರಬಹುದು ಎಂಬುದನ್ನು ಗೋಲ್ಡ್‌ಸ್ಮಿತ್ ಪಂಥ ಒಪ್ಪಲೇ ಇಲ್ಲ.

ಈಚಿನ ವರ್ಷಗಳಲ್ಲಿ, ಚಿತ್ರಕ್ಕೆ ಹಾಡುಗಳನ್ನು ಆಯ್ದು ತರುವ ಮ್ಯೂಸಿಕ್ ಸೂಪರ್‌ವೈಸರ್‌ಗಳನ್ನೂ ಗ್ರ್ಯಾಮಿ ವಿಜೇತರ ಪಟ್ಟಿಗೆ ಸೇರಿಸಿಕೊಳ್ಳುತ್ತಿದೆ. ಒಳ್ಳೆಯದೇ, ಆದರೆ ಹೊಸ ಹಾಡುಗಳ ಆಲ್ಬಮ್ಮೇ ಗೆಲ್ಲುತ್ತಿರುವಾಗ ಇದರಿಂದ ಆಯ್ಕೆಯ ಕಲೆಗೆ ದಕ್ಕುವುದು ಕಡಿಮೆ. ಟಿವಿಯವರು ಮುಂದಿದ್ದಾರೆ: ಎಮ್ಮಿ 2017ರಲ್ಲೇ ಮ್ಯೂಸಿಕ್ ಸೂಪರ್‌ವಿಜನ್‌ಗೆಂದು ಬೇರೆ ಪ್ರಶಸ್ತಿ ಇಟ್ಟು, ಮೊದಲನೆಯದನ್ನು ‘ಬಿಗ್ ಲಿಟಲ್ ಲೈಸ್’ ಧಾರಾವಾಹಿಗಾಗಿ ಸೂಸನ್ ಜೇಕಬ್ಸ್‌ಗೆ ಕೊಟ್ಟಿತು. ಗ್ರ್ಯಾಮಿ ಕೊಡುವ ರೆಕಾರ್ಡಿಂಗ್ ಅಕಾಡೆಮಿಯೂ ಈ ವಿಭಾಗವನ್ನು ಎರಡಾಗಿಸಬೇಕು: ಚಿತ್ರಕ್ಕೆಂದೇ ಬರೆದ ಹಾಡುಗಳಿಗೆ ಒಂದು, ಆಯ್ದು ತಂದವುಗಳಿಗೆ ಇನ್ನೊಂದು. ಅದು ಆಗದಿದ್ದರೆ ಪ್ರಶಸ್ತಿಯ ಹೆಸರಿನಿಂದ ‘ಕಂಪೈಲೇಶನ್’ ಎಂಬುದನ್ನಾದರೂ ತೆಗೆಯಲಿ.