ರಾಮೋಜಿ ಫಿಲ್ಮ್ ಸಿಟಿ: ಚೌಕಿ ತೋರಿಸುವ ಆಟ

ಈ ಸಲದ ವಾರ್ಷಿಕಕ್ಕೆ ಒಂದು ಪುಸ್ತಕ ವಿಮರ್ಶೆ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದರು. ಪುಸ್ತಕವೂ ಕೈಯಲ್ಲಿತ್ತು. ಆದರೆ 2025ರ ಓಣಂ ರಜೆಯಲ್ಲಿ ಬ್ಯಾಂಕಿನ ಎಲ್.ಎಫ್.ಸಿ. ಬಳಸಿಕೊಂಡು ಅಮ್ಮ, ಹೆಂಡತಿ ಮತ್ತು ಒಂಬತ್ತನೆಯ ತರಗತಿಯ ಮಗಳನ್ನು ಹೈದರಾಬಾದಿಗೆ ಕರೆದುಕೊಂಡು ಹೋಗಿ, ರಾಮೋಜಿ ಫಿಲ್ಮ್ ಸಿಟಿಯಲ್ಲಿ ಇಡೀ ಒಂದು ದಿನ ಕಳೆದು ಬಂದ ಮೇಲೆ ಪುಸ್ತಕ ಮೇಜಿನ ಮೇಲೆಯೇ ಉಳಿಯಿತು. ಆಟವನ್ನು, ನಾಟಕವನ್ನು, ಸಿನಿಮಾವನ್ನು ವಿಮರ್ಶಿಸುವ ನಾವು, ಟಿಕೇಟು ಕೊಟ್ಟು ಬೆಳಗಿನಿಂದ ಸಂಜೆಯವರೆಗೆ ನೋಡುವ ಇಂಥ ಜಾಗವನ್ನು ಏಕೆ ಬಿಡಬೇಕು? ಅಲ್ಲಿಯೂ ಪ್ರದರ್ಶನ ಉಂಟು, ವೇಷ ಉಂಟು, ಎದುರಿಗೆ ಪ್ರೇಕ್ಷಕರು ಉಂಟು. ಹಾಗಾಗಿ ಸಂಪಾದಕರ ಕ್ಷಮೆ ಕೋರಿ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆ ನನ್ನ ಅರ್ಹತೆ ಏನು ಎಂದು ಕೇಳಬಹುದು. ಓದಿದ್ದು ಬಿ.ಎ.; ಕುಳಿತದ್ದು ಇಪ್ಪತ್ತು ವರ್ಷಗಳಿಂದ ಕ್ಯಾಶ್ ಕೌಂಟರಿನಲ್ಲಿ. ಖೋಟಾ ನೋಟನ್ನು ಬೆರಳ ತುದಿಯಲ್ಲಿ ಗುರುತಿಸುವುದು ನಮ್ಮ ದಿನದ ಕೆಲಸ. ಅದರಿಂದಾಗಿ ನನಗೆ ನಕಲಿಯ ಬಗ್ಗೆ ಅಸಹ್ಯವಿಲ್ಲ, ಕುತೂಹಲ ಉಂಟು. ಒಳ್ಳೆಯ ಕೆಲಸದ ನಕಲಿ ಸಿಕ್ಕಿದರೆ ಅದನ್ನು ತಡೆಹಿಡಿಯುವ ಮೊದಲು ಪಕ್ಕದ ಕೌಂಟರಿನವರಿಗೆ ಒಮ್ಮೆ ತೋರಿಸಿಯೇ ತೋರಿಸುತ್ತೇವೆ.

ಪತ್ರಿಕೋದ್ಯಮಿಯೂ ಚಿತ್ರ ನಿರ್ಮಾಪಕರೂ ಆಗಿದ್ದ ರಾಮೋಜಿ ರಾವ್ (ಅವರು 2024ರ ಜೂನಿನಲ್ಲಿ ತೀರಿಕೊಂಡರು) ಈ ಚಿತ್ರನಗರವನ್ನು ಸ್ಥಾಪಿಸಿದ್ದು 1996ರಲ್ಲಿ. 1,666 ಎಕರೆ, ಜಗತ್ತಿನ ಅತಿ ದೊಡ್ಡ ಚಿತ್ರ ಸ್ಟುಡಿಯೋ ಸಂಕೀರ್ಣ ಎಂದು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ. ನಮ್ಮ ಕಡೆಯವರಿಗೆ ಅದು ತೀರಾ ಪರಕೀಯವೂ ಅಲ್ಲ. 2000ದಲ್ಲಿ ಶುರುವಾಗಿ 2015ರಲ್ಲಿ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿಕೊಂಡ ಈಟಿವಿ ಕನ್ನಡದ ವಾರ್ತೆಗಳು ನಮ್ಮ ಮನೆಯ ಜಗಲಿಗೆ ಬರುತ್ತಿದ್ದದ್ದು ಅಲ್ಲಿಂದಲೇ. ಮಲಯಾಳದ ಓದುಗರಿಗೂ ಒಂದು ನಂಟು ಉಂಟು: ಮೋಹನ್‌ಲಾಲ್ ಅವರ ‘ಮರಕ್ಕಾರ್’ (2021) ಚಿತ್ರದ ಹಡಗುಗಳು ತೇಲಿದ್ದು ಬಹುಪಾಲು ಅಲ್ಲಿ ಕಟ್ಟಿದ ನೀರಿನ ತೊಟ್ಟಿಯಲ್ಲಿ. ವಡಗರದ ಹತ್ತಿರದ ಕೋಟ್ಟಕ್ಕಲಿನ ಕುಞ್ಞಾಲಿಯವರ ಸಮುದ್ರವನ್ನು, ಸಮುದ್ರದಿಂದ ನೂರಾರು ಕಿಲೋಮೀಟರು ದೂರದ ತೆಲಂಗಾಣದ ಬಂಡೆಗಳ ನಡುವೆ ತುಂಬಿಸಿದರು. ಆ ಹಡಗನ್ನು ನೋಡಬೇಕೆಂದು ನನಗೆ ಬಹಳ ಆಸೆಯಿತ್ತು. ನಮ್ಮ ಬಸ್ಸು ಆ ಕಡೆ ಹೋಗಲಿಲ್ಲ.

ಆ ಬಸ್ಸಿನಿಂದಲೇ ಶುರು ಮಾಡೋಣ. ಬದಿ ತೆರೆದ ಕೆಂಪು ಬಸ್ಸುಗಳಲ್ಲಿ ಕೂರಿಸಿ ಬೀದಿ ಬೀದಿ ಸುತ್ತಿಸುತ್ತಾರೆ. ಮಾರ್ಗದರ್ಶಿ ಹಿಂದಿಯಲ್ಲಿ, ನಡುನಡುವೆ ತೆಲುಗಿನಲ್ಲಿ ವಿವರಿಸುತ್ತಾನೆ. ಜೈಲು, ವಿಮಾನ ನಿಲ್ದಾಣ, ರೈಲು ನಿಲ್ದಾಣ, ಪರದೇಶದ ಬೀದಿ, ನಮ್ಮ ದೇಶದ ಬೀದಿ. ಒಂದೇ ಕಟ್ಟಡ ಒಂದು ಬದಿಯಿಂದ ಒಂದಾದರೆ ಇನ್ನೊಂದು ಬದಿಯಿಂದ ಬೇರೆಯೇ. ಮುಂಬಾಗಿಲು ಚಂದ, ಹಿಂದೆ ಕಬ್ಬಿಣದ ಆಧಾರ. ಯಾವ ಅಲಂಕಾರವೂ ಇಲ್ಲದ ಈ ಸುತ್ತಾಟವನ್ನು ನಾನು ಬಹಳ ಮೇಲೆ ಇಡುತ್ತೇನೆ. ಕಾರಣ, ಬಸ್ಸು ತಿರುವಿನಲ್ಲಿ ತಿರುಗುವಾಗ ಆ ಹಿಂಬದಿಯನ್ನು ಯಾರೂ ಮುಚ್ಚಿಡುವುದಿಲ್ಲ. ಮನೆ ಎಂದುಕೊಂಡದ್ದು ಹಲಗೆಯಾಗುವ ಆ ಒಂದು ಕ್ಷಣಕ್ಕೆ ಬೇರೆ ಯಂತ್ರ ಬೇಡ.

ಅಲ್ಲೊಂದು ಘಟನೆ ನಡೆಯಿತು. ನಮ್ಮ ದೇಶದ್ದೆಂದು ತೋರಿಸಿದ ಬೀದಿಯೊಂದರಲ್ಲಿ ಬಸ್ಸು ನಿಧಾನವಾದಾಗ ಅಮ್ಮ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಓದಿದಳು: “ಔಷಧಿ ಅಂಗಡಿ.”

ಯಾವುದೋ ಚಿತ್ರೀಕರಣಕ್ಕೆ ಬರೆಸಿದ ಕನ್ನಡದ ಬೋರ್ಡು, ತೆಗೆಯದೆ ಹಾಗೆಯೇ ಉಳಿದಿತ್ತು.

ಅಮ್ಮನ ವಿಷಯ ಒಂದು ಮಾತು ಹೇಳಬೇಕು. ಅವಳಿಗೆ ಮಾತಾಡಲು ತುಳು, ಕನ್ನಡ, ಮಲಯಾಳ ಮೂರೂ ಬರುತ್ತವೆ. ಅಕ್ಷರ ಕನ್ನಡದ್ದು ಮಾತ್ರ. ಊರಿನಲ್ಲಿ ಆಸ್ಪತ್ರೆಗೆ ಹೋದರೆ ಎಲುಬಿನ ಡಾಕ್ಟರ ಕೋಣೆ ಯಾವುದು, ಔಷಧಿ ಕೊಡುವ ಕಿಟಕಿ ಯಾವುದು ಎಂದು ಅವಳಿಗೆ ಓದಿ ಹೇಳಲು ಯಾರಾದರೂ ಬೇಕು. ಕೇಳಿದರೆ ಎಲ್ಲರೂ ಪ್ರೀತಿಯಿಂದ ತೋರಿಸುತ್ತಾರೆ, ಅದರಲ್ಲಿ ದೂರಿಲ್ಲ. ಆದರೆ ಹುಟ್ಟಿ ಬೆಳೆದ ಊರಿನಲ್ಲಿ ಪ್ರತಿಸಲ ಕೇಳಬೇಕಾಗುವುದು ಅವಳಿಗೆ ನಾಚಿಕೆ. ಅಂಥವಳು ಯಾರ ಸಹಾಯವೂ ಇಲ್ಲದೆ ಓದಿದ ಬೋರ್ಡು, ಅಷ್ಟು ದೂರದ ತೆಲಂಗಾಣದಲ್ಲಿ, ಒಳಗೆ ಅಂಗಡಿಯೇ ಇಲ್ಲದ ಒಂದು ಬಾಗಿಲ ಮೇಲಿತ್ತು.

ನಾನು ಮಾರ್ಗದರ್ಶಿಯನ್ನು ಕೇಳಿದೆ, ಬೋರ್ಡು ಹೀಗೆಯೇ ಇರುತ್ತದೋ ಎಂದು. ಮುಂದಿನ ಚಿತ್ರ ತಮಿಳಿನದಾದರೆ ತಮಿಳು, ಹಿಂದಿಯದಾದರೆ ಹಿಂದಿ, ಅರ್ಧ ಗಂಟೆಯ ಕೆಲಸ ಎಂದ. ಅಮ್ಮನಿಗೆ ಹೇಳಿದೆ. “ಅರ್ಧ ಗಂಟೆಯಾ?” ಎಂದು ಕೇಳಿ, ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ಆ ನಗು ಸೇರಲಿಲ್ಲ. ಬೋರ್ಡಿನಲ್ಲಿ ಒಂದು ಸಾಲು ಕನ್ನಡ ಬೇಕೆಂದು ನಮ್ಮಲ್ಲಿ ಎಷ್ಟು ಮನವಿಗಳಿಗೆ ಸಹಿ ಹಾಕಿದ್ದೇವೆ ಎಂಬುದನ್ನು ಈ ವಾರ್ಷಿಕದ ಎರಡು ಭಾಷೆಯ ಓದುಗರೂ ಬಲ್ಲರು.

ಅದಿರಲಿ. ‘ಬಾಹುಬಲಿ’ಯ (2015, 2017) ಮಾಹಿಷ್ಮತಿಯ ಸೆಟ್ಟಿಗೆ ಬರೋಣ. ಜನ ಅತಿ ಹೆಚ್ಚು ಸೇರುವುದು ಇಲ್ಲಿ, ನನಗೆ ಅತಿ ಹೆಚ್ಚು ನಿರಾಸೆಯಾದದ್ದೂ ಇಲ್ಲಿಯೇ. ಕಲಾ ನಿರ್ದೇಶಕ ಸಾಬು ಸಿರಿಲ್ ಅವರ ಕೈಚಳಕದ ಬಗ್ಗೆ ನನಗೆ ಗೌರವ ಉಂಟು. ದೊಡ್ಡ ದೊಡ್ಡ ವಿಗ್ರಹಗಳನ್ನು ಹತ್ತಿರದಿಂದ ನೋಡಿದಾಗ ಆ ಗೌರವ ಹೆಚ್ಚಾಗುತ್ತದೆ. ಆದರೆ ತೆರೆಯ ಮೇಲಿನ ಮಾಹಿಷ್ಮತಿಯ ಬಹುಭಾಗ ಕಂಪ್ಯೂಟರಿನಲ್ಲಿ ಹುಟ್ಟಿದ್ದು. ಕಟ್ಟಿದ್ದು ಎಲ್ಲಿ ಮುಗಿಯಿತು, ಕಂಪ್ಯೂಟರಿನದು ಎಲ್ಲಿ ಶುರುವಾಯಿತು? ಆ ಗಡಿಗೆರೆಯೇ ಆ ಜಾಗದ ನಿಜವಾದ ಕತೆ. ನಾನು ಕಂಡಂತೆ ಅದನ್ನು ತೋರಿಸುವ ಏರ್ಪಾಡು ಅಲ್ಲಿರಲಿಲ್ಲ. ಜನ ವಿಗ್ರಹದ ಕಾಲ ಬುಡದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ನಮ್ಮ ಬೇಕಲ ಕೋಟೆಗೆ ಬರುವವರೂ ಶಿವಪ್ಪ ನಾಯಕನ ಕಲ್ಲು ನೋಡಲು ಬರುವುದು ಕಡಿಮೆ, ಮಣಿರತ್ನಂ ಅವರ ‘ಬಾಂಬೆ’ (1995) ಚಿತ್ರದ ಹಾಡು ತೆಗೆದದ್ದು ಎಲ್ಲಿ ಎಂದು ಕೇಳುವವರೇ ಹೆಚ್ಚು. ವ್ಯತ್ಯಾಸ ಇಷ್ಟೇ, ಬೇಕಲದಲ್ಲಿ ಹಾಡು ಮುಗಿದ ಮೇಲೂ ಕೋಟೆ ಉಂಟು.

ವೈಲ್ಡ್ ವೆಸ್ಟ್ ಸ್ಟಂಟ್ ಪ್ರದರ್ಶನ: ಟೊಪ್ಪಿ, ಪಿಸ್ತೂಲು, ಹೊಡೆದಾಟ, ಎತ್ತರದಿಂದ ಬೀಳುವುದು. ಹಾಸ್ಯ ಸಾಧಾರಣ. ಆದರೆ ಬೀಳುವವರು ನಿಜವಾಗಿ ಬೀಳುತ್ತಾರೆ. ಮುಗಿದ ಮೇಲೆ ಒಬ್ಬ ಹುಡುಗ ಮೊಣಕೈ ಉಜ್ಜಿಕೊಳ್ಳುತ್ತ ಒಳಗೆ ಹೋದದ್ದನ್ನು ನೋಡಿ ನನ್ನ ಚಪ್ಪಾಳೆಗೆ ಸ್ವಲ್ಪ ಬಲ ಬಂತು. ಬಾಹ್ಯಾಕಾಶಕ್ಕೆ ಕರೆದೊಯ್ಯುವ ಯಾತ್ರೆ ಮತ್ತು ಬೊಂಬೆಗಳ ಲೋಕದ ಗಾಡಿ ಸವಾರಿ ಮಕ್ಕಳಿಗೆ ಸರಿ. ನೃತ್ಯದ ಕಾರ್ಯಕ್ರಮದಲ್ಲಿ ಬಣ್ಣ ಹೆಚ್ಚು, ಉಸಿರು ಕಡಿಮೆ. ಹೆದರಿಸುವ ‘ಬೋರಾಸುರ’ಕ್ಕೆ ಮಗಳು ನನ್ನನ್ನು ಎಳೆದುಕೊಂಡು ಹೋದಳು. ಕತ್ತಲು, ಅನಿರೀಕ್ಷಿತ ಸದ್ದು. ಬೆಚ್ಚಿದ್ದು ಹೌದು. ಆದರೆ ಬೆಚ್ಚುವುದು ಬೇರೆ, ಹೆದರುವುದು ಬೇರೆ. ಅಸುರ ಎಂದು ಹೆಸರಿಟ್ಟ ಮೇಲೆ ನಮ್ಮ ತೆಂಕುತಿಟ್ಟಿನ ಬಣ್ಣದ ವೇಷ ಕಂಡವರನ್ನು ಅಷ್ಟು ಸುಲಭದಲ್ಲಿ ಹೆದರಿಸಲಾಗದು.

ಬಾಲ್ಯದಲ್ಲಿ ಆಟಕ್ಕೆ ಹೋದರೆ ನಾವು ಮೊದಲು ನುಗ್ಗುತ್ತಿದ್ದದ್ದು ಚೌಕಿಗೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದಾಗಿ ಚುಟ್ಟಿ ಇಡುವುದನ್ನು ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದೆವು. ಆ ಮುಖದ ಮನುಷ್ಯ ಬೀಡಿ ಸೇದುವವ, ಹಗಲು ನಮ್ಮನ್ನು ಹೆಸರು ಹಿಡಿದು ಕರೆಯುವವ ಎಂಬುದು ಚೆನ್ನಾಗಿ ಗೊತ್ತಿತ್ತು. ಆದರೂ ನಡುರಾತ್ರಿ ದೊಂದಿಗೆ ರಾಳ ಎರಚಿ, ಚೆಂಡೆಯ ಪೆಟ್ಟಿಗೆ ಆತ ಅಬ್ಬರಿಸುತ್ತ ಬಂದಾಗ ಅಮ್ಮನ ಸೆರಗಿನೊಳಗೆ ತಲೆ ಹಾಕುತ್ತಿದ್ದೆವು. ಚೌಕಿ ನೋಡಿದ್ದರಿಂದ ಆಟ ಕೆಡಲಿಲ್ಲ. ಫಿಲ್ಮ್ ಸಿಟಿಯಂಥ ಜಾಗವನ್ನು ನಾನು ಅಳೆಯುವುದು ಈ ಸೇರಿನಿಂದಲೇ: ಅದು ಚೌಕಿಯೊಳಗೆ ಬಿಡುತ್ತದೋ, ಬಿಟ್ಟರೆ ಅಲ್ಲಿ ತೋರಿಸುವುದು ಯಾರ ಮುಖ?

ಬಿಡುವ ಒಂದು ಪ್ರದರ್ಶನ ಅಲ್ಲಿ ಉಂಟು. ಮೂವಿ ಮ್ಯಾಜಿಕ್ ವಿಭಾಗದಲ್ಲಿ ಸಿನಿಮಾದ ಒಂದು ದೃಶ್ಯ ತಯಾರಾಗುವ ಬಗೆಯನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು ತೋರಿಸುತ್ತಾರೆ. ದೃಶ್ಯ ‘ಶೋಲೆ’ಯದು: ಡಕಾಯಿತರು ಬೆನ್ನಟ್ಟುವಾಗ ಬಸಂತಿ ಟಾಂಗಾ ಓಡಿಸುವುದು. ಪ್ರೇಕ್ಷಕರಲ್ಲಿ ಒಬ್ಬ ಹೆಂಗಸನ್ನು ಬಸಂತಿಯಾಗಲು ಕರೆದರು. ಕೆಂಪು ಸೀರೆ ಉಟ್ಟಿದ್ದೇ ಕಾರಣವಾಗಿ ನನ್ನ ಹೆಂಡತಿ ಸಿಕ್ಕಿಬಿದ್ದಳು. ಬ್ಯಾಂಕಿನವರ ಮನೆಯ ಮದುವೆಯಲ್ಲೂ ಹಿಂದಿನ ಸಾಲು ಹುಡುಕುವವಳು ಅವಳು.

ಕುದುರೆ ಇಲ್ಲದ ಟಾಂಗಾ. ಹಿಂದೆ ಒಂದೇ ಬಣ್ಣದ ಪರದೆ. ಇಬ್ಬರು ಗಾಡಿಯನ್ನು ಅಲುಗಾಡಿಸುತ್ತಾರೆ, ಇವಳು ಲಗಾಮು ಹಿಡಿದು ಚಾಟಿ ಬೀಸಬೇಕು. ಮೊದಲು ನಾಚಿದಳು; ಆಮೇಲೆ ಅದೇನಾಯಿತೋ, ಹದಿನೆಂಟು ವರ್ಷಗಳಲ್ಲಿ ನಾನು ಕೇಳದ ಸ್ವರದಲ್ಲಿ ಕುದುರೆಯನ್ನು ಗದರಿಸಿದಳು. ಮುಂದಿನ ಕೋಣೆಯಲ್ಲಿ ಸದ್ದು ಸೇರಿಸುವ ಕೆಲಸ. ಗೊರಸಿನ ಸದ್ದಿಗೆ ನಮ್ಮ ಗೆರಟೆಯ ಜಾತಿಯ ಎರಡು ಚಿಪ್ಪುಗಳನ್ನು ಕೊಟ್ಟದ್ದು ನನ್ನ ಮಗಳ ಕೈಗೆ. ಕೊನೆಯ ಕೋಣೆಯಲ್ಲಿ ಎಲ್ಲವೂ ಕೂಡಿಕೊಂಡು ತೆರೆಯ ಮೇಲೆ ಬಂತು: ಬಂಡೆಗಳು, ಧೂಳು, ಡಕಾಯಿತರು, ನಡುವೆ ನಮ್ಮ ಮನೆಯ ಮುಖ. “ಕುದುರೆ ಈಗ ಎಲ್ಲಿಂದ ಬಂತು ಮಾರಾಯಾ?” ಎಂದು ಅಮ್ಮ ಕೇಳಿದಳು. ಟಿಕೇಟಿನ ಹಣ ಅಲ್ಲಿಗೆ ವಸೂಲಾಯಿತು ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಇಡೀ ಫಿಲ್ಮ್ ಸಿಟಿಯಲ್ಲಿ ಒಂದನ್ನೇ ನೋಡುವುದಾದರೆ ಇದನ್ನೇ ನೋಡಿ.

ಆದರೆ ಕೌಂಟರಿನಲ್ಲಿ ಕೂತವನ ಬೆರಳು ಸುಮ್ಮನಿರುವುದಿಲ್ಲ. ರಾತ್ರಿ ವಸತಿಗೃಹದಲ್ಲಿ ಮಲಗಿದಾಗ ಯೋಚನೆ ಬಂತು: ‘ಶೋಲೆ’ಯ ಆ ದೃಶ್ಯವನ್ನು ಹೀಗೆ ತೆಗೆಯಲೇ ಇಲ್ಲವಲ್ಲ! 1975ರಲ್ಲಿ ತೆರೆಕಂಡ ಆ ಚಿತ್ರದ ಬಂಡೆಗಳು ನಮ್ಮ ರಾಮನಗರದ ಬಂಡೆಗಳು. ಕುದುರೆ ನಿಜ, ನೆಲ ನಿಜ, ಓಟ ನಿಜ. ಅಪಾಯದ ಭಾಗಗಳಲ್ಲಿ ಹೇಮಾಮಾಲಿನಿಯ ಬದಲು ಟಾಂಗಾದಲ್ಲಿದ್ದವರು ರೇಷ್ಮಾ ಪಠಾಣ್ ಎಂಬ ಸ್ಟಂಟ್ ಕಲಾವಿದೆ. ಆ ಚಿತ್ರೀಕರಣದಲ್ಲಿ ಟಾಂಗಾ ಮಗುಚಿ ಅವರಿಗೆ ಪೆಟ್ಟಾದದ್ದೂ ಉಂಟು. ಅವರ ಬಾಳಿನ ಬಗ್ಗೆ ‘ದಿ ಶೋಲೆ ಗರ್ಲ್’ ಎಂಬ ಚಿತ್ರ ಬಂದದ್ದು 2019ರಲ್ಲಿ, ಅಂದರೆ ನಲವತ್ತನಾಲ್ಕು ವರ್ಷಗಳ ನಂತರ.

ಹಾಗಾದರೆ ನಮಗೆ ತೋರಿಸಿದ ಚೌಕಿ ಯಾವುದು? ಪರದೆಯ ಮುಂದೆ ಗಾಡಿ ಅಲುಗಾಡಿಸಿ ದೃಶ್ಯ ಮಾಡುವ ಉಪಾಯ ನಿಜವಾದದ್ದೇ, ‘ಬಾಹುಬಲಿ’ಯಂಥ ಚಿತ್ರಗಳು ನಿಂತದ್ದೇ ಅಂಥ ಉಪಾಯಗಳ ಮೇಲೆ. ಆದರೆ ಅದನ್ನು ವಿವರಿಸಲು ಆರಿಸಿದ್ದು, ಆ ಉಪಾಯವಿಲ್ಲದೆ ಒಬ್ಬ ಹೆಂಗಸು ಮೈಮುರಿದು ಮಾಡಿದ ದೃಶ್ಯವನ್ನು. ನನ್ನ ಹೆಂಡತಿಗೆ ಲಗಾಮು ಕೊಟ್ಟವರು ರೇಷ್ಮಾ ಅವರ ಹೆಸರು ಹೇಳಿದ್ದನ್ನು ನಾನು ಕೇಳಲಿಲ್ಲ. ಅಲ್ಲಿಂದ ಸ್ವಲ್ಪವೇ ದೂರದ ಮಾಹಿಷ್ಮತಿಯಲ್ಲಿ, ಆ ಉಪಾಯ ನಿಜವಾಗಿ ನಡೆದ ಜಾಗದಲ್ಲಿ, ಅದನ್ನು ತೋರಿಸದೆ ಬರೇ ವಿಗ್ರಹ ತೋರಿಸಿದರು. ನನ್ನನ್ನು ಕೇಳಿದರೆ ಎರಡನ್ನೂ ಅದಲು ಬದಲು ಮಾಡಬೇಕು. ಪರದೆಯ ಪಾಠ ಮಾಹಿಷ್ಮತಿಯಲ್ಲಿ ನಡೆಯಲಿ. ಟಾಂಗಾದ ಕೋಣೆಯಲ್ಲಿ ರೇಷ್ಮಾ ಅವರ ಒಂದು ಚಿತ್ರ ಇರಲಿ, ಕೆಳಗೆ ಹೆಸರು ಇರಲಿ. ಯಾವ ಭಾಷೆಯಲ್ಲಾದರೂ ಸರಿ, ಅರ್ಧ ಗಂಟೆಯ ಕೆಲಸ.

ಇದನ್ನು ಹೆಂಡತಿಗೆ ಹೇಳಬೇಕೋ ಬೇಡವೋ ಎಂದು ಊರಿಗೆ ಬಂದ ಮೇಲೂ ಅನುಮಾನಿಸುತ್ತಿದ್ದೆ. ಅವಳ ಸಂತೋಷ ಕೆಡಿಸಿದಂತಾದೀತು ಎಂಬ ಅಂಜಿಕೆ. ಕೊನೆಗೆ ಒಂದು ಆದಿತ್ಯವಾರ ಹೇಳಿಯೇ ಬಿಟ್ಟೆ. ಅವಳು ಏನೂ ಅನ್ನಲಿಲ್ಲ. ರಾತ್ರಿ ಊಟವಾದ ಮೇಲೆ ಮಗಳಿಂದ ಮೊಬೈಲಿನಲ್ಲಿ ‘ಶೋಲೆ’ಯ ಆ ಭಾಗ ಹಾಕಿಸಿಕೊಂಡು ನೋಡಿದಳು. ತಿರುಗಿಸಿ ತಿರುಗಿಸಿ ಹಾಕಿಸಿದಳು. ಟಾಂಗಾ ದೂರದಿಂದ ಕಾಣುವ ಒಂದು ಕಡೆ ಮಗಳ ಕೈ ಹಿಡಿದು ನಿಲ್ಲಿಸಿ, “ಇಲ್ಲಿ ನೋಡಿ, ಇದು ಅವರೇ. ಮುಖ ಕಾಣುವುದಿಲ್ಲ, ಆದರೆ ಕೂತ ರೀತಿ ಬೇರೆ ಉಂಟು” ಎಂದಳು.

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ.